ಹಚಿನೊಹೆಯ ಸೂರ್ಯಾಸ್ತ

ಪ್ರೀತಮ್ ಲೋಬೊ ಹಿತ್ತಲಿನಲ್ಲಿ, ಜನರೇಟರಿನ ಪಕ್ಕ ಕವುಚಿ ಬಿದ್ದಿದ್ದರು. ಜನರೇಟರ್ ಇನ್ನೂ ಓಡುತ್ತಿತ್ತು. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎರಡು ಹೆಜ್ಜೆ ಆಚೆ ಒಂದು ದೊಡ್ಡ ಸ್ಪ್ಯಾನರ್ ಬಿದ್ದಿತ್ತು.

ನೋಡಿದವರು ಹೆಂಡತಿ ಗ್ಲೋರಿಯಾ. ಮಕ್ಕಳ ಡಾಕ್ಟರ್. ಭಾನುವಾರ ಮಧ್ಯಾಹ್ನ, ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಹಾಲ್‌ನಲ್ಲಿ ಮೊಂತಿ ಫೆಸ್ತ್ ಊಟ ಮುಗಿಸಿ ಸೌತ್ ಸಿ ಬಡಾವಣೆಯ ಮನೆಗೆ ಮರಳಿದ್ದರು. ಮಂಗಳೂರು ಕ್ರೈಸ್ತರಿಗೆ ಅದು ಹೊಸ ಅಕ್ಕಿಯ ಹಬ್ಬ. ಅವತ್ತು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಪ್ರೀತಮ್ 'ನೀನು ಹೋಗಿರು, ನಾನು ಹಿಂದಿನಿಂದ ಬರ್ತೇನೆ' ಎಂದವರು ಬರಲೇ ಇಲ್ಲ. ಗ್ಲೋರಿಯಾ ಗಂಡನ ಪಾಲನ್ನು ಕ್ಯಾರಿಯರ್‌ನಲ್ಲಿ ಹಾಕಿಸಿಕೊಂಡು ಬಂದಿದ್ದರು. ಡಾಕ್ಟರಾದ್ದರಿಂದ ಕೈ ಹಿಡಿದು ನಾಡಿ ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಇನ್ಸ್‌ಪೆಕ್ಟರ್ ಮುಟುವಾ ಬಂದರು. ಕಡಿಮೆ ಮಾತಿನ ಮನುಷ್ಯ. ಆಡುವ ಮಾತೂ ಇಂಗ್ಲಿಷಿನಲ್ಲಿ.

"ಈ ಸ್ಪ್ಯಾನರ್ ಯಾರದ್ದು?"

ಅದು ಪಕ್ಕದ ಮನೆಯ ರಾಜೀವನದ್ದು. ಬೆಂಗಳೂರಿನ ಹುಡುಗ, ಬ್ಯಾಂಕ್ ಕೆಲಸದ ಮೇಲೆ ನೈರೋಬಿಗೆ ಬಂದವನು. ಲೋಬೊ ಮನೆಯ ಜನರೇಟರ್ ಸರಿಯಾಗಿ ಅವನ ಮಲಗುವ ಕೋಣೆಯ ಕಿಟಕಿಯ ಕೆಳಗೆ ಗುಡುಗುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಎರಡು ಮನೆಗೆ ಜಗಳ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ರಾಜೀವನಿಗೆ ಮಾತಾಡಲೂ ಬರುತ್ತಿರಲಿಲ್ಲ, ಸುಮ್ಮನಿರಲೂ ಬರುತ್ತಿರಲಿಲ್ಲ.

"ನಿನ್ನೆ ನಾನೇ ಕೊಟ್ಟಿದ್ದೆ. ನಟ್ ಟೈಟ್ ಮಾಡಿದ್ರೆ ಸೌಂಡ್ ಕಮ್ಮಿ ಆಗತ್ತೆ ಅಂತ," ಎಂದ ಅವನು.

"ಇವತ್ತು ಬೆಳಗ್ಗೆ ಜಗಳವಾಡಿದಿರಾ?"

"ಕಿಟಕಿಯಿಂದ ಕೂಗಾಡಿದೆ. ಹೌದು."

"ಬೇರೆ ಯಾರನ್ನಾದರೂ ನೋಡಿದಿರಾ?"

"ಮೆಲ್ವಿನ್‌ನ ನೋಡಿದೆ. ಹಿಂದಿನ ಗೇಟಿಂದ ಒಳಗೆ ಬಂದ್ರು. ಹನ್ನೊಂದು ಗಂಟೆ ಆಗಿರ್ಬೇಕು."

ಗ್ಲೋರಿಯಾ ತಲೆ ಎತ್ತಿದರು. ಮೆಲ್ವಿನ್ ಫೋಟೋಗ್ರಾಫರ್, ಪ್ರೀತಮ್ ಅವರ ಹಳೆಯ ಗೆಳೆಯ, ಜೊತೆಗೆ ಕೆಲಸ ಮಾಡುವವನು.

"ಮೆಲ್ವಿನ್ ಜಪಾನಿನಲ್ಲಿ ಇದ್ದಾನೆ. ಹನ್ನೆರಡು ಗಂಟೆಗೆ ಅವನು ಹಾಲ್‌ಗೆ ವಿಡಿಯೋ ಕಾಲ್ ಮಾಡಿದ್ದ. ನಾವು ಅಷ್ಟು ಜನ ನೋಡಿದ್ದೇವೆ. ಇವರು ಸುಳ್ಳು ಹೇಳ್ತಿದ್ದಾರೆ."

ಪೆಟ್ಟು ಬಿದ್ದದ್ದು ಹನ್ನೊಂದರಿಂದ ಹನ್ನೆರಡರ ನಡುವೆ ಎಂದು ಪೊಲೀಸ್ ಡಾಕ್ಟರ್ ಹೇಳಿದರು. ಸ್ಪ್ಯಾನರ್ ರಾಜೀವನದ್ದು, ಜಗಳ ರಾಜೀವನದ್ದು, ಹೇಳಿದ ಸುಳ್ಳೂ ರಾಜೀವನದ್ದೇ. ಮುಟುವಾ ಅವನನ್ನು ಕರೆದುಕೊಂಡು ಹೋದರು.

* * *

ಮರುದಿನ ರಾಜೀವನ ಹೆಂಡತಿ ಪ್ರಗತಿ ಅಂಬುಜಾ ಅವರ ಬಾಗಿಲು ತಟ್ಟಿದಳು.

ಅಂಬುಜಾ ಮೈಸೂರಿನವರು. ಅದೇ ಎಸ್ಟೇಟಿನಲ್ಲಿ, ಅಂದರೆ ಅದೇ ವಸತಿ ಬಡಾವಣೆಯಲ್ಲಿ, ಮನೆ. ಬಹಳ ವರ್ಷಗಳಿಂದ ನೈರೋಬಿಯ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ಅವರ ತರಗತಿಯಲ್ಲಿ ಯಾವ ಚಿತ್ರ ತೋರಿಸಿದರೂ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಉತ್ತರ ದಿಕ್ಕು ಎಲ್ಲಿದೆ? ಮದುವೆ ಫೋಟೋ ತೋರಿಸಿದರೂ ಟೀಚರ್ ಇದನ್ನೇ ಕೇಳುತ್ತಾರೆ ಎಂದು ಮಕ್ಕಳು ನಗುತ್ತಿದ್ದರು. ಅದು ತಮಾಷೆಯೂ ಅಲ್ಲ. ಒಂದು ಸಲ ಕೇಳಿದ್ದರು.

"ಆಂಟಿ, ಮರ್ಡರ್ ಚಾರ್ಜ್ ಹಾಕ್ತಾರಂತೆ. ಹಾಕಿದ್ರೆ ಬೇಲ್ ಸಿಗೋದು ಕಷ್ಟ ಅಂತಾರೆ ಲಾಯರ್. ನಾನು ಮಗುನ ಇಟ್ಕೊಂಡು ಇಲ್ಲಿ ಏನ್ ಮಾಡ್ಲಿ?"

"ಕೂತ್ಕೋ ಮೊದ್ಲು. ರಾಜೀವ ಸುಳ್ಳು ಹೇಳ್ತಾನಾ?"

"ಹೇಳಕ್ಕೆ ಬರಲ್ಲ ಅವರಿಗೆ. ಅದೇ ಪ್ರಾಬ್ಲಮ್. ಬಾಸ್ ಹತ್ರನೂ ಬರಲ್ಲ."

"ಮೆಲ್ವಿನ್ ಗುರ್ತು ಇದ್ಯಾ ಅವನಿಗೆ?"

"ನಮ್ಮ ಸಾನ್ವಿ ಬರ್ತ್‌ಡೇ ಫೋಟೋ ತೆಗ್ದಿದ್ದೇ ಮೆಲ್ವಿನ್."

ಅಂಬುಜಾ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರಿಗೆ ಮೊದಲು ಹೊಳೆದದ್ದು ಡೀಸೆಲ್ ಕಳ್ಳರು. ಆ ತಿಂಗಳು ಎಸ್ಟೇಟಿನಲ್ಲಿ ಅವರ ಕಾಟ ಜಾಸ್ತಿಯಾಗಿತ್ತು. ಹಿತ್ತಲಿಗೆ ಹೋಗಿ ಜನರೇಟರಿನ ಮುಚ್ಚಳ ತೆಗೆದು ನೋಡಿದರು. ಡೀಸೆಲ್ ಇತ್ತು. ಪಕ್ಕದ ಕ್ಯಾನ್ ಕೂಡ ತುಂಬಿತ್ತು. ಹಿಂದಿನ ಓಣಿಯ ಗೇಟಿಗೆ ಒಳಗಿನಿಂದ ಚಿಲಕ, ಅದಕ್ಕೆ ಬೀಗ. ಬೀಗ ಮುರಿದಿರಲಿಲ್ಲ, ತೆಗೆದು ಕೊಂಡಿಗೆ ತಗಲಿಸಿತ್ತು. ಮುಂದಿನ ಗೇಟಿನ ಅಸ್ಕಾರಿ, ಅಂದರೆ ಕಾವಲಿನವನು, ಆ ಹೊತ್ತಿನಲ್ಲಿ ಹೊರಗಿನವರು ಯಾರೂ ಬಂದಿಲ್ಲ ಎಂದು ಆಣೆ ಇಟ್ಟು ಹೇಳಿದ.

ಅಂದರೆ ಪ್ರೀತಮ್ ತಾವೇ ಒಳಗಿನಿಂದ ಗೇಟು ತೆಗೆದಿದ್ದರು. ಬರುವವನು ಗೊತ್ತಿದ್ದವನು. ಜಗಳವಾಡುವ ಪಕ್ಕದ ಮನೆಯವನಿಗೆ ಯಾರೂ ಹಿಂದಿನ ಗೇಟು ತೆಗೆದಿಟ್ಟು ಕಾಯುವುದಿಲ್ಲ.

* * *

"ನೀವು ಪಕ್ಕದ ಮನೆಯವರ ಪರ ಬಂದದ್ದಾ?" ಎಂದು ಗ್ಲೋರಿಯಾ ಕೇಳಿದರು.

"ಪ್ರೀತಮ್ ಪರ ಬಂದೆ," ಎಂದರು ಅಂಬುಜಾ.

ಗ್ಲೋರಿಯಾ ಸರಿದು ಕೂರಲು ಜಾಗ ಕೊಟ್ಟರು. ಅತ್ತು ಅತ್ತು ಮುಖ ಬಾತಿತ್ತು.

ಪ್ರೀತಮ್ ನಗರ ಯೋಜನೆ ಕಲಿಸುವ ಉಪನ್ಯಾಸಕರಾಗಿದ್ದರು. ಕೀನ್ಯಾದ ಕರಾವಳಿಯ ಸಣ್ಣ ಪಟ್ಟಣಗಳು ಯಾವ ಊರನ್ನು ನೋಡಿ ಕಲಿಯಬಹುದು ಎಂಬ ಬಗ್ಗೆ ಒಂದು ಪ್ರದರ್ಶನ ಸಿದ್ಧ ಮಾಡುತ್ತಿದ್ದರು. ಆರಿಸಿದ್ದು ಜಪಾನಿನ ಹಚಿನೊಹೆ. ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲದ ಬಂದರು ನಗರ. ಅಲ್ಲಿಗೆ ಹೋಗಿ ಫೋಟೋ ತೆಗೆದು, ಊರಿನ ಪರಿಚಯ ಬರೆದು ತರುವ ಕೆಲಸ ಮೆಲ್ವಿನ್‌ನದ್ದು. ಅವನು ಆಯ್ಕೆಯಾದದ್ದು ಗೊತ್ತಾದಾಗ ನೈರೋಬಿಯ ಮಂಗಳೂರು ಸಮಾಜದವರೆಲ್ಲ ಸೇರಿ ಬೀಳ್ಕೊಡುಗೆ ಪಾರ್ಟಿ ಮಾಡಿದ್ದರು, ಶಾಲು ಹೊದಿಸಿದ್ದರು.

"ಆ ಕಾಲ್ ಯಾರಾದ್ರೂ ರೆಕಾರ್ಡ್ ಮಾಡಿದ್ರಾ?"

"ಡೆಂಜಿಲ್ ಮಾಡಿದ್ದಾನೆ, ನನ್ನ ತಮ್ಮ. ಗ್ರೂಪಲ್ಲಿ ಉಂಟು."

ಫೋನಿನಲ್ಲಿ ಮೆಲ್ವಿನ್ ಕಾಣಿಸಿಕೊಂಡ. ಸ್ವಲ್ಪ ಬೆವರಿದ ಮುಖ, ನಗು. ಹಿಂದೆ ದೊಡ್ಡ ಸಮುದ್ರ. ಸೂರ್ಯ ಅರ್ಧ ನೀರಿನಲ್ಲಿ, ಅರ್ಧ ಹೊರಗೆ.

'ಎಲ್ಲರಿಗೂ ಹಬ್ಬದ ಶುಭಾಶಯ. ನಿಮಗೆ ಈಗ ಮಧ್ಯಾಹ್ನ, ನನಗೆ ಸಂಜೆ ಆರು. ಬೆಳಿಗ್ಗೆ ಇಲ್ಲಿಯ ಬಂದರಿನ ಧಕ್ಕೆಯ ಸಂತೆಗೆ ಹೋಗಿದ್ದೆ. ಈಗ ಹೋಟೆಲಿನ ಬಾಲ್ಕನಿಯಲ್ಲಿ ಇದ್ದೇನೆ. ನೋಡಿ, ಹಚಿನೊಹೆಯ ಸೂರ್ಯಾಸ್ತ.'

ಹಾಲ್‌ನಲ್ಲಿ ಚಪ್ಪಾಳೆ ಕೇಳಿಸಿತು. ಅಂಬುಜಾ ಇನ್ನೊಂದು ಸಲ ನೋಡಿದರು.

"ಅವನು ಬರೆದದ್ದು ಇದ್ಯಾ?"

ಗ್ಲೋರಿಯಾ ಪ್ರಿಂಟ್ ತೆಗೆದ ಹಾಳೆಗಳನ್ನು ಕೊಟ್ಟರು. ಬರಹ ಚೆನ್ನಾಗಿತ್ತು. ಭಾನುವಾರ ನಸುಕಿನಲ್ಲಿ ಧಕ್ಕೆಯ ಉದ್ದಕ್ಕೂ ಹರಡುವ ಸಂತೆ. ರಾಶಿ ರಾಶಿ ಬೊಂಡಾಸ್ ಮೀನು, ಬಂಗುಡೆ. ಕಡಲಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುವ ಗುಡ್ಡ, ಅದರ ನೆತ್ತಿಯ ಮೇಲೊಂದು ಗುಡಿ. ಗೋಧಿಯ ಬಿಸ್ಕತ್ತು ಮುರಿದು ಹಾಕಿ ಕುದಿಸುವ ಸಾರು. ಸುನಾಮಿ ಬಂದು ಬಡಿದದ್ದು, ಊರು ಮತ್ತೆ ಎದ್ದು ನಿಂತದ್ದು. ಕೊನೆಗೆ ಹೀಗಿತ್ತು: 'ಸಂಜೆಯಾಯಿತೆಂದರೆ ಈ ಊರು ಕಡಲ ದಂಡೆಗೆ ಬರುತ್ತದೆ. ಮುಳುಗುವ ಸೂರ್ಯನೊಳಗಿನಿಂದ ದೋಣಿಗಳು ಒಂದೊಂದಾಗಿ ಮರಳುತ್ತವೆ.'

ಅಂಬುಜಾ ಹಾಳೆ ಮಡಚಿದರು.

"ಗ್ಲೋರಿಯಾ, ನೀವು ಎಲ್ಲಿಯವರು?"

"ಉಳ್ಳಾಲ. ಯಾಕೆ?"

"ಹಾಲ್‌ನಲ್ಲಿ ಇದ್ದೋರೆಲ್ಲ?"

"ಎಲ್ಲ ನಮ್ಮ ಕಡೆಯವರೇ. ಮಂಗಳೂರು, ಉಡುಪಿ, ಕುಂದಾಪುರ."

"ಅದಕ್ಕೇ," ಎಂದು ಅಂಬುಜಾ ಎದ್ದು, ಮನೆಗೆ ಹೋಗಿ ಅಟ್ಲಾಸ್ ತೆಗೆದು ನೋಡಿದರು. ಆಮೇಲೆ ಮುಟುವಾಗೆ ಫೋನ್ ಮಾಡಿದರು. ಮುಟುವಾ ಎಲ್ಲ ಕೇಳಿಸಿಕೊಂಡು, "ಏರ್‌ಪೋರ್ಟ್‌ನಲ್ಲಿ ವಿಚಾರಿಸುತ್ತೇನೆ" ಎಂದರು.

* * *

ಬುಧವಾರ ಮೆಲ್ವಿನ್ 'ಜಪಾನಿನಿಂದ' ಬಂದ. ಟ್ರಾಲಿ ಸೂಟ್‌ಕೇಸ್ ಎಳೆದುಕೊಂಡು ನೇರ ಗ್ಲೋರಿಯಾ ಮನೆಗೇ ಬಂದ. ಕಣ್ಣು ಕೆಂಪಾಗಿತ್ತು. ಆ ಅಳು ನಾಟಕವಲ್ಲ ಎಂದು ಅಂಬುಜಾ ಅವರಿಗೆ ಕಂಡಿತು. ಅದು ಅವರಿಗೆ ಇನ್ನಷ್ಟು ಕಸಿವಿಸಿ ಮಾಡಿತು.

ಮುಟುವಾ ಸೋಫಾದ ತುದಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು.

"ಪ್ರಯಾಣ ಸುಸ್ತಾಯ್ತೇನಪ್ಪ?" ಅಂಬುಜಾ ಕೇಳಿದರು.

"ಹೌದು ಟೀಚರ್. ದೂರ ಅಲ್ವಾ."

"ನಿನ್ನ ಬರಹ ಓದಿದೆ. ಹೋಟೆಲಿಂದ ಸಮುದ್ರ ಕಾಣ್ತಿತ್ತಾ?"

"ಎದುರಿಗೇ."

"ದಿನಾ ಸೂರ್ಯಾಸ್ತ ನೋಡ್ತಿದ್ಯಾ?"

"ಒಂದು ದಿನ ಬಿಟ್ಟಿಲ್ಲ. ನೀರಿಗೆ ಇಳಿಯುವವರೆಗೆ ನಿಂತು ನೋಡ್ತಿದ್ದೆ."

ಅಂಬುಜಾ ಅಟ್ಲಾಸ್ ಬಿಚ್ಚಿ ಟೀಪಾಯಿಯ ಮೇಲಿಟ್ಟರು. ಜಪಾನಿನ ಉತ್ತರ ಭಾಗದಲ್ಲಿ, ಬಲಗಡೆಯ ಅಂಚಿನಲ್ಲಿ ಬೆರಳಿಟ್ಟರು.

"ಇದು ಹಚಿನೊಹೆ. ಪೆಸಿಫಿಕ್ ಕಡೆಯ ಊರು. ಸಮುದ್ರ ಪೂರ್ವದ ಕಡೆಗೆ, ಬೆಟ್ಟ ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆ ಕಣಪ್ಪ. ಮುಳುಗೋದು ಬೆಟ್ಟದ ಹಿಂದೆ."

ಮೆಲ್ವಿನ್ ಅಟ್ಲಾಸ್ ನೋಡಿದ. ಆ ದಿನ ಮೊದಲ ಬಾರಿಗೆ ಆ ಊರನ್ನು ನಿಜವಾಗಿ ನೋಡುತ್ತಿರುವಂತೆ ನೋಡಿದ.

"ಗಂಟೆಯ ಲೆಕ್ಕ ಸರಿಯಾಗಿ ಹಾಕಿದ್ದೀಯ. ಇಲ್ಲಿ ಹನ್ನೆರಡು ಅಂದ್ರೆ ಅಲ್ಲಿ ಆರು. ದಿಕ್ಕಿನ ಯೋಚನೆಯೇ ನಿನಗೆ ಬರಲಿಲ್ಲ. ನೀನು ಮಂಗಳೂರು ಕಡೆಯವನು, ಹುಟ್ಟಿದಾಗಿನಿಂದ ನೋಡಿದ್ದು ಪಡುವಣ ಸಮುದ್ರ. ಸಂಜೆ ಅಂದ್ರೆ ಸಮುದ್ರದಲ್ಲಿ ಮುಳುಗೋ ಸೂರ್ಯ. ಹಾಲ್‌ನಲ್ಲಿ ಕೂತವರಿಗೂ ಅಷ್ಟೇ, ಅವರೂ ಅಲ್ಲಿಯವರೇ. ನಿನ್ನ ಬರಹದಲ್ಲಿ ಬೇರೆ ಕಡೆಯಿಂದ ಎತ್ತಿದ್ದೆಲ್ಲ ಸರಿಯಾಗಿದೆ. ಸ್ವಂತದ್ದು ಒಂದೇ ಒಂದು ಸೇರಿಸಿದೆ, ಅದೇ ತಪ್ಪು."

ಮುಟುವಾ ಕಪ್ ಕೆಳಗಿಟ್ಟರು.

"ನಿಮ್ಮ ಪಾಸ್‌ಪೋರ್ಟ್ ಕೊಡಿ."

ಮೆಲ್ವಿನ್ ಕೈ ಜೇಬಿಗೆ ಹೋಗಲಿಲ್ಲ.

"ನೀವು ಈ ದೇಶ ಬಿಟ್ಟೇ ಇಲ್ಲ ಎಂದು ಏರ್‌ಪೋರ್ಟಿನವರು ಹೇಳಿದ್ದಾರೆ. ಭಾನುವಾರ ನೀವಿದ್ದದ್ದು ಮೊಂಬಾಸಾ ರೋಡಿನ ಒಂದು ಲಾಡ್ಜ್‌ನಲ್ಲಿ. ಇಲ್ಲಿಂದ ನಡೆದುಹೋಗುವಷ್ಟು ದೂರ. ಅಲ್ಲಿಯವರು ನಿಮ್ಮ ಫೋಟೋ ಗುರುತು ಹಿಡಿದಿದ್ದಾರೆ."

ಮೆಲ್ವಿನ್ ಹೇಳತೊಡಗಿದ. ಗ್ಲೋರಿಯಾ ಮುಖ ನೋಡಲಿಲ್ಲ. ಅಟ್ಲಾಸ್ ನೋಡಿಕೊಂಡೇ ಹೇಳಿದ.

ವೀಸಾ ಸಿಕ್ಕಿರಲಿಲ್ಲ. ಅದು ಗೊತ್ತಾದದ್ದು ಶಾಲು ಹೊದಿಸಿಕೊಂಡ ಮೇಲೆ. ಎಲ್ಲರ ಮುಂದೆ ಹೋಗಿ ಸಿಗಲಿಲ್ಲ ಎನ್ನಲು ನಾಚಿಕೆಯಾಯಿತು. ಕರಾವಳಿಯ ಮೊಂಬಾಸಾಕ್ಕೆ ಹೋಗಿ, ಅಲ್ಲಿನ ನ್ಯಾಲಿ ಎಂಬಲ್ಲಿ ಒಂದು ರೂಮು ಹಿಡಿದು, ಇಂಟರ್ನೆಟ್ ನೋಡಿ ಊರಿನ ಪರಿಚಯ ಬರೆದ. ಬೆನ್ನ ಹಿಂದೆ ಸಮುದ್ರದ ವಿಡಿಯೋ ಇಟ್ಟುಕೊಂಡು ಎಲ್ಲರಿಗೂ ಕಾಲ್ ಮಾಡಿದ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಕಳೆದ ವಾರ ಕಾಲೇಜಿನ ಕೆಲಸಕ್ಕೆಂದು ಮೊಂಬಾಸಾಕ್ಕೆ ಬಂದಿದ್ದ ಪ್ರೀತಮ್, ಬೀದಿಯಲ್ಲಿ ಅವನನ್ನು ಎದುರೆದುರೇ ಕಂಡುಬಿಟ್ಟರು.

"ಅವರು ನಿನಗೆ ಬೈದ್ರಾ?" ಗ್ಲೋರಿಯಾ ಕೇಳಿದರು.

"ಇಲ್ಲ."

"ಪೊಲೀಸಿಗೆ ಕೊಡ್ತೇನೆ ಅಂದ್ರಾ?"

"ಇಲ್ಲ. ಹಬ್ಬದ ದಿನ ಎಲ್ಲರೂ ಒಟ್ಟಿಗೆ ಇರ್ತಾರೆ, ನೀನೇ ಬಂದು ಹೇಳಿಬಿಡು ಅಂದ. ಹಿಂದಿನ ಗೇಟು ತೆಗೆದಿಡ್ತೇನೆ, ಯಾರಿಗೂ ಕಾಣದ ಹಾಗೆ ಬಾ, ಇಬ್ಬರೂ ಒಂದೇ ಕಾರಿನಲ್ಲಿ ಹೋಗುವ, ನಾನು ನಿನ್ನ ಪಕ್ಕ ನಿಲ್ತೇನೆ ಅಂದ. ನಾನು ಬಂದೆ. ಅವನು ಜನರೇಟರ್ ಸರಿಮಾಡ್ತಾ ಇದ್ದ. ಬೇಡ ಪ್ರೀತಮ್, ನನ್ನ ಮರ್ಯಾದೆ ಹೋಗ್ತದೆ ಅಂತ ಕಾಲು ಹಿಡಿದೆ. ನಗಾಡಿದ. ಇಷ್ಟೇ ಅಲ್ವಾ ಮಾರಾಯ, ನಾಳೆ ಎಲ್ಲರೂ ಮರೀತಾರೆ ಅಂದ. ಬಗ್ಗಿ ನಟ್ ತಿರುಗಿಸಿ ಸ್ಪ್ಯಾನರ್ ನನ್ನ ಕೈಗೆ ಕೊಟ್ಟ, ಹಿಡಿ ಅಂತ."

ಗ್ಲೋರಿಯಾ ಎದ್ದು ಹಿತ್ತಲಿನ ಬಾಗಿಲು ಮುಚ್ಚಿದರು.

"ಆಮೇಲೆ ಓಡಿದೆ. ಕಾಲ್ ಮಾಡದಿದ್ರೆ ಅನುಮಾನ ಬರ್ತದೆ ಅಂತ ಮಾಡಿದೆ. ವಿಡಿಯೋ ಮೊದಲೇ ಇತ್ತು."

"ಯಾವ ಸಮುದ್ರ ಅದು?" ಅಂಬುಜಾ ಕೇಳಿದರು.

"ಉಳ್ಳಾಲದ್ದು. ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ತೆಗೆದದ್ದು."

* * *

ರಾಜೀವ ಮರುದಿನ ಮಧ್ಯಾಹ್ನ ಮನೆಗೆ ಬಂದ. ಸೊರಗಿದ್ದ. ಗಡ್ಡ ಬಂದಿತ್ತು. ಸಾನ್ವಿ ಮೊದಲು ಹತ್ತಿರ ಹೋಗಲಿಲ್ಲ, ಆಮೇಲೆ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಗ್ಲೋರಿಯಾ ಬಂದರು. ಬಾಗಿಲಲ್ಲೇ ನಿಂತರು. ಪ್ರಗತಿ ದಾರಿ ಬಿಟ್ಟಳು, ಕಣ್ಣಲ್ಲಿ ಸಿಟ್ಟಿತ್ತು.

"ನಾನು ಒಳಗೆ ಬರುದಿಲ್ಲ," ಎಂದರು ಗ್ಲೋರಿಯಾ. "ಹೇಳಿ ಹೋಗ್ತೇನೆ. ನೀವು ಕಣ್ಣಲ್ಲಿ ನೋಡಿದ್ದು ಹೇಳಿದ್ರಿ. ಸುಳ್ಳು ಅಂತ ಪೊಲೀಸಿಗೆ ಹೇಳಿದ್ದು ನಾನು. ನಾನು ಹುಟ್ಟಿದ್ದು ಉಳ್ಳಾಲದಲ್ಲಿ. ಆ ಸಮುದ್ರದ ಬದಿಯಲ್ಲೇ ನಮ್ಮ ಮನೆ ಇದ್ದದ್ದು. ಅದನ್ನು ನೋಡಿ ಜಪಾನ್ ಅಂತ ನಂಬಿದೆ. ಎಷ್ಟು ಚಂದ ಉಂಟು ಅಂತ ಚಪ್ಪಾಳೆ ಹೊಡೆದೆ. ಅವರು ಇಲ್ಲಿ ಬಿದ್ದಿದ್ರು, ನಾನು ಅಲ್ಲಿ ಚಪ್ಪಾಳೆ ಹೊಡೀತಾ ಇದ್ದೆ."

ರಾಜೀವ ಮಗಳನ್ನು ಕೆಳಗಿಳಿಸಿ ಪ್ರಗತಿಯ ಮುಖ ನೋಡಿದ. ಅವಳು ಒಂದು ಕ್ಷಣ ಬಿಟ್ಟು ತಲೆ ಆಡಿಸಿದಳು.

"ಬನ್ನಿ ಮೇಡಂ," ಎಂದ. "ಒಬ್ರೇ ಆ ಮನೆಗೆ ಹೋಗ್ಬೇಡಿ ಈಗ. ನಮ್ದು ಊಟ ಇನ್ನೂ ಆಗಿಲ್ಲ."

ಗ್ಲೋರಿಯಾ ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಿದ್ದರು. ಪ್ರಗತಿ ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕಿದಳು.