ಒಬ್ಬರಿಗಾಗುವ ಪಾತ್ರೆ

ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ, ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಉಳಿದಿದ್ದವಳು ನಾದಿನಿಯೊಬ್ಬಳೇ, ಅವಳೂ ಅಂದು ಹೊರಟಳು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

“ಅತ್ತಿಗೆ, ಏನಾದ್ರೂ ಮಾಡ್ಕೊಂಡು ತಿನ್ನಿ. ಬರೀ ಬ್ರೆಡ್ ಮೇಲೆ ಇರ್ಬೇಡಿ.”

“ಮಾಡ್ಕೋತೀನಿ.”

“ನನ್ನಾಣೆ?”

“ಬಸ್ ತಪ್ಪುತ್ತೆ, ಹೋಗು.”

ಅವಳು ಅಣ್ಣನ ಹಾಗೆಯೇ. ಗಡಿಯಾರ ನೋಡಿ, “ಇನ್ನೂ ಹನ್ನೊಂದು ನಿಮಿಷ ಇದೆ” ಎಂದಳು. ಅದರಲ್ಲಿ ಎರಡು ನಿಮಿಷ ಅತ್ತಳು. ಹೋದಳು.

ಚಹಕ್ಕೆ ನೀರಿಟ್ಟೆ. ಕುದಿಯಿತು. ಆರಿಸಿದೆ. ಕುಡಿಯಬೇಕು ಅನ್ನಿಸಲಿಲ್ಲ.

ನನ್ನ ಗಂಡ ತಕ್ಕಡಿ ರಿಪೇರಿ ಮಾಡುತ್ತಿದ್ದ. ತರಕಾರಿ ಅಂಗಡಿಯದು, ಔಷಧಿ ಅಂಗಡಿಯದು, ಪ್ರಯೋಗಾಲಯಗಳ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಗಳು. ನಾನು ಅವನನ್ನು ‘ಗ್ರಾಂ’ ಎಂದು ಕರೆಯುತ್ತಿದ್ದೆ. ಮೊದಲು ನೋಡಿದ್ದು ವಿಶ್ವವಿದ್ಯಾಲಯದ ನಮ್ಮ ಲ್ಯಾಬಿನಲ್ಲಿ. ನಾನು ಎಂ.ಎಸ್ಸಿ. ಕೊನೆಯ ವರ್ಷ. ಅವನು ತಕ್ಕಡಿಯ ಮುಂದೆ ಬಗ್ಗಿ ಕೂತಿದ್ದ.

“ಮೇಡಂ, ಸ್ವಲ್ಪ ಉಸಿರು ಬಿಗಿ ಹಿಡೀತೀರಾ?”

“ಯಾಕೆ?”

“ನೀವು ಉಸಿರು ಬಿಟ್ರೆ ಮುಳ್ಳು ಅಲ್ಲಾಡುತ್ತೆ.”

“ನಿಮ್ಮ ಉಸಿರಿಗೆ ಅಲ್ಲಾಡಲ್ವಾ?”

“ನಾನು ಬಿಡ್ತಾನೇ ಇಲ್ಲ,” ಎಂದ. “ನೀವು ಒಳಗೆ ಬಂದಾಗಿನಿಂದ.”

ಕೆಲಸದ ಮಾತೋ ಬೇರೆಯದೋ ಎಂದು ಮುಖ ನೋಡಿದೆ. ಅವನ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ಕಿವಿ ಮಾತ್ರ ಕೆಂಪಗಾಗಿತ್ತು.

ಮದುವೆಯಾದ ಮೇಲೆ ಸಂಜೆಯ ಕೆಲಸ ಹಂಚಿಕೊಂಡೆವು. ಕುಡಿಯಲು ಏನಾದರೂ ಮಾಡುವುದು ಅವನದು, ಊಟ ನನ್ನದು. ನನಗೆ ಕೋಕೋ ಹಾಕಿದ ಬಿಸಿ ಹಾಲು ಇಷ್ಟ. ಅದಕ್ಕೊಂದು ಚಿಟಿಕೆ ಉಪ್ಪು ಬೀಳಬೇಕು.

“ಚಿಟಿಕೆ ಅಂದ್ರೆ ಯಾರ ಬೆರಳಿಂದು?” ಎಂದು ಒಂದು ಸಂಜೆ ಕೇಳಿದ.

“ನನ್ನದು.”

“ಹಾಗಾದ್ರೆ ಕೈ ಕೊಡು.”

ಕೈ ಹಿಡಿದು, ಬೆರಳುಗಳನ್ನು ಉಪ್ಪಿನ ಡಬ್ಬಿಯಲ್ಲಿ ಅದ್ದಿ, ಪುಟ್ಟ ತಕ್ಕಡಿಯ ಮೇಲೆ ಉದುರಿಸಿ ತೂಗಿದ್ದ. ಆ ಅಂಕಿಯನ್ನು ಕೋಕೋ ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟ. ಕೈಯನ್ನು ಮಾತ್ರ ಹಾಲು ಉಕ್ಕುವವರೆಗೂ ಬಿಡಲಿಲ್ಲ.

ನನ್ನದು ಕಣ್ಣಳತೆ. ಸೂಪಿಗೆ ಉಪ್ಪು ಹಾಕುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಕೊಲೆ ನಡೀತಿರೋ ಹಾಗೆ ಆಡ್ಬೇಡ.”

“ಆಲೂಗಡ್ಡೆಯ ಆತ್ಮಕ್ಕೆ ಶಾಂತಿ ಕೋರ್ತಿದ್ದೀನಿ.”

ಜಗಳವಾದದ್ದೂ ಇದರಿಂದಲೇ. ಒಂದು ಭಾನುವಾರ ನನ್ನ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರು. ನಾನು ಸೂಪು ಬಡಿಸುತ್ತಿದ್ದಾಗ ಅವನು ಬಟ್ಟಲುಗಳನ್ನು ನೋಡಿ, “ಅವರಿಗೆ ಮೂವತ್ತು ಗ್ರಾಂ ಕಡಿಮೆ ಬಿತ್ತು” ಎಂದ. ತಮಾಷೆಗೇ ಅಂದದ್ದು. ನನಗೆ ಅಂದು ಸುಸ್ತಾಗಿತ್ತು. “ನಿನಗೆ ಹೆಂಡತಿ ಯಾಕೆ? ಒಂದು ತೂಕದ ಕಲ್ಲು ತಂದಿಟ್ಕೊ. ಅದು ಎದುರು ಮಾತಾಡಲ್ಲ, ನೀನು ಮುಟ್ಟಿದ್ರೂ ಅದಕ್ಕೇನೂ ಅನ್ಸಲ್ಲ, ನನ್ನ ಹಾಗೇ,” ಎಂದೆ.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಕೊನೆಯ ಎರಡು ಪದಗಳನ್ನು ಯಾಕೆ ಸೇರಿಸಿದೆನೋ, ಇಂದಿಗೂ ಗೊತ್ತಿಲ್ಲ. ಅದು ನಿಜವೂ ಆಗಿರಲಿಲ್ಲ.

ಮೂರು ದಿನ ಮಾತಿಲ್ಲ. ನಾನು ಇಬ್ಬರಿಗೆ ಅಡುಗೆ ಮಾಡಿ, ಒಬ್ಬಳೇ ಉಂಡು, ಉಳಿದದ್ದನ್ನು ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ಅದು ಹಾಗೇ ಇರುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಔಷಧಿ ಅಂಗಡಿಯೊಂದರಲ್ಲಿ ತಕ್ಕಡಿ ಬಿಚ್ಚಿ ಕೂತಿದ್ದವನು ಅಲ್ಲೇ ಒರಗಿದ. ಹೃದಯ, ಎಂದರು ಡಾಕ್ಟರು. ಅವನಿಗೆ ಮೂವತ್ತನಾಲ್ಕು ವರ್ಷ.

ನಾದಿನಿ ಹೋದ ದಿನ ಸಂಜೆ ಕೋಕೋ ಹುಡುಕಲು ಕಪಾಟಿನ ಕೆಳಗಿನ ಅರೆ ತೆಗೆದೆ. ಅವನ ಲೋಟಗಳ ಹಿಂದೆ ಒಂದು ಪುಟ್ಟ ಸ್ಟೀಲ್ ಪಾತ್ರೆ. ಉದ್ದನೆಯ ಹಿಡಿ, ಒಂದು ಪಕ್ಕದಲ್ಲಿ ಬಗ್ಗಿಸಲು ಮೂತಿ. ನಮ್ಮ ಮನೆಯಲ್ಲಿ ಅಂಥದ್ದು ಇರಲಿಲ್ಲ. ಒಂದು ಲೋಟ ಹಾಲು ಅಳೆದು ಸುರಿದೆ. ಕಂಠದವರೆಗೆ, ಸರಿಯಾಗಿ.

ಅರ್ಥವಾಯಿತು ಎಂದುಕೊಂಡೆ. ನನ್ನ ಕೋಕೋಗೆಂದೇ ತಂದಿದ್ದಾನೆ. ಕೋಪ ಇಳಿದಿತ್ತು. ನಾಲ್ಕನೆಯ ಸಂಜೆ ಮಾಡಿಕೊಡುವವನಿದ್ದ.

ಒಂಬತ್ತು ಸಂಜೆ ಅದರಲ್ಲೇ ಹಾಲು ಕಾಯಿಸಿದೆ. ಮುಚ್ಚಳದ ಮೇಲಿನ ಅಂಕಿಯಷ್ಟೇ ಉಪ್ಪು ತೂಗಿ ಹಾಕಿದೆ. ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದು ಇಳಿಯುತ್ತಿತ್ತು.

ಹತ್ತನೆಯ ಸಂಜೆ ಮೇಲಿನ ಮನೆಯ ಆಂಟಿ ಬಂದರು. ನರ್ಸ್ ಆಗಿದ್ದು ರಿಟೈರ್ ಆದವರು. ಒಂಟಿ ಜೀವ. ಬಂದವರೇ ನನ್ನ ಕೈ ನಾಡಿ ಹಿಡಿದು ನೋಡಿದರು.

“ಹೊಡ್ಕೋತಿದೆ. ಪರವಾಗಿಲ್ಲ. ಊಟ?”

“ಆಯ್ತು.”

“ಸುಳ್ಳು ಹೇಳೋ ಪೇಷೆಂಟ್‌ಗಳನ್ನ ನಲವತ್ತು ವರ್ಷ ನೋಡಿದ್ದೀನಿ ಕಣೇ,” ಎನ್ನುತ್ತಲೇ ಅಡುಗೆಮನೆಗೆ ನುಗ್ಗಿದರು. ಒಲೆಯ ಮೇಲಿನ ಪಾತ್ರೆ ನೋಡಿ, “ಅಯ್ಯೋ, ಇಲ್ಲಿದ್ಯಾ ಇದು! ಮನೆಯೆಲ್ಲ ಹುಡುಕಿದೆ. ನಿನ್ನ ಗಂಡನಿಗೆ ಕೊಟ್ಟಿದ್ದು ಮರ್ತೇ ಹೋಗಿತ್ತು ನೋಡು” ಎಂದರು.

ಹಾಲು ಕಾಯುತ್ತಿತ್ತು. ಒಲೆ ಆರಿಸಿದೆ.

“ಯಾವಾಗ ಕೊಟ್ರಿ ಆಂಟಿ?”

“ಅವನು ಹೋಗೋಕೆ ಹಿಂದಿನ ಸಂಜೆ.”

“ಏನಂತ ಕೇಳ್ದ?”

“ಪಾತ್ರೆ ಕೇಳ್ದ, ಕೊಟ್ಟೆ. ಪಾತ್ರೆ ಕೇಳೋಕೆ ಭಾಷಣ ಮಾಡ್ತಾರಾ?”

“ಆಂಟಿ.”

ಅವರು ಸೆರಗಿನಿಂದ ಒಲೆಯ ಕಟ್ಟೆ ಒರೆಸಿದರು. ಅಲ್ಲಿ ಏನೂ ಚೆಲ್ಲಿರಲಿಲ್ಲ.

“ನಿಮ್ಮನೇಲಿ ಪಾತ್ರೆಗೇನು ಬರಗಾಲವಾ ಅಂದೆ. ಎಲ್ಲ ದೊಡ್ಡವು ಆಂಟಿ, ಇನ್ಮೇಲೆ ನನ್ನೊಬ್ಬನಿಗೇ ಬೇಯಿಸ್ಕೋತೀನಿ ಅಂದ.”

“ನಗ್ತಾ ಅಂದ್ನಾ?”

ಅದೊಂದೇ ನನಗೆ ಬೇಕಾಗಿತ್ತು. ನಗುತ್ತಾ ಅಂದಿದ್ದರೆ ಅದು ತಮಾಷೆ. ತಮಾಷೆಯಾಗಿದ್ದರೆ ಒಂದು ಸಂಜೆಯ ಮಾತು, ತಾನಾಗಿ ಸರಿಹೋಗುತ್ತಿತ್ತು.

ಆಂಟಿ ನನ್ನನ್ನು ನೋಡಿದರು. ನಲವತ್ತು ವರ್ಷ ಆಸ್ಪತ್ರೆಯ ಬಾಗಿಲುಗಳಲ್ಲಿ ನಿಂತವರು. ಒಂದು ಸುಳ್ಳು ಹೇಳುವುದು ಅವರಿಗೆ ಕಷ್ಟವಿರಲಿಲ್ಲ.

“ಇಲ್ಲಮ್ಮ,” ಎಂದರು. “ನಗಲಿಲ್ಲ.”

ಅವನು ಪಾತ್ರೆ ತಂದ ಆ ಸಂಜೆ ನೆನಪಿದೆ. ನಾನು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಕೋಕೋ ಮಾಡುತ್ತಿದ್ದಾನೆ ಎಂದುಕೊಂಡೆ. ಲೋಟ ತಂದು ಪಕ್ಕದಲ್ಲಿಟ್ಟರೆ ಏನು ಹೇಳಬೇಕು, ಎಷ್ಟು ಹೊತ್ತು ಬಿಗುಮಾನ ತೋರಿಸಬೇಕು, ಯಾವಾಗ ತಿರುಗಬೇಕು, ಎಲ್ಲ ಯೋಚಿಸಿಟ್ಟೆ. ಅವನು ಬೇಯಿಸಿದ ಮೊಟ್ಟೆಯ ವಾಸನೆ ಬಂತು. ಕುರ್ಚಿ ಎಳೆದ ಸದ್ದು. ಆಮೇಲೆ ನಲ್ಲಿ, ಪಾತ್ರೆ ತೊಳೆದದ್ದು. ನಾನು ಏಳಲಿಲ್ಲ. ಹತ್ತು ಹೆಜ್ಜೆಯ ದೂರ.

ಆಂಟಿ ಹೋಗುವಾಗ, “ಕೋಪದ ಮಾತಮ್ಮ. ಇದ್ದಿದ್ರೆ ಇಳೀತಿತ್ತು,” ಎಂದರು. ಇರಬಹುದು. ಇಳಿಯಿತೇ ಎಂದು ಕೇಳಲು ಯಾರೂ ಉಳಿದಿಲ್ಲ.

ಮರುದಿನ ಬೆಳಿಗ್ಗೆ ಪಾತ್ರೆಯನ್ನು ಉಜ್ಜಿದೆ. ಹತ್ತು ದಿನದ ಹಾಲಿನ ಕಲೆ ತಳದಲ್ಲಿ ಹತ್ತಿಕೊಂಡಿತ್ತು, ಹೋಗುವವರೆಗೂ ಉಜ್ಜಿದೆ. ಒರೆಸಿ, ಮೆಟ್ಟಿಲು ಹತ್ತಿದೆ.

ಆಂಟಿ ಬಾಗಿಲು ತೆರೆದರು. ಪಾತ್ರೆಗೆ ಕೈ ಚಾಚಲಿಲ್ಲ.

“ಇಟ್ಕೋ ಮಗಳೇ. ನನ್ನ ಹತ್ರ ಇನ್ನೊಂದಿದೆ. ಇನ್ಮೇಲೆ ನಿನಗೂ...” ಎಂದವರು ನಾಲಿಗೆ ಕಚ್ಚಿಕೊಂಡರು.

“ಬೇಡ ಆಂಟಿ.”

“ಒಬ್ಬಳಿಗೆ ಅಷ್ಟು ದೊಡ್ಡ ಪಾತ್ರೇಲಿ ಏನು ಮಾಡ್ತೀಯ?”

“ಎಂದಿನ ಹಾಗೇ ಮಾಡ್ತೀನಿ,” ಎಂದೆ. “ಉಳಿದ್ರೆ ಮುಚ್ಚಿಡ್ತೀನಿ.”

ಪಾತ್ರೆಯನ್ನು ಅವರ ಕೈಗೆ ಕೊಟ್ಟು ಕೆಳಗಿಳಿದೆ.