ಕಾರ್ಪೆಟ್ ಕೆಳಗಿನ ಹೊಳೆ

ಕೊಳೆತ ಕಬ್ಬಿನ ರವದಿ, ನೆನೆದ ತಂಬಾಕು, ಹೊಳೆಯ ರಾಡಿ.

ಹೊಳೆಯಂಚಿನ ಭೋಜ ಊರಲ್ಲಿ ನಾನು ಚಿಕ್ಕವಳಿದ್ದಾಗ ಮಳೆಗಾಲದ ಹೊಳೆ ಮನೆಯೊಳಗೆ ಬಂದು ಹೋದ ಮೇಲೆ ಉಳಿಯುತ್ತಿದ್ದ ವಾಸನೆ ಅದು. ಅವ್ವ ಸಗಣಿ ಸಾರಿಸಿದರೂ, ಲೋಬಾನ ಹಾಕಿದರೂ ದೀಪಾವಳಿತನಕ ಹೋಗುತ್ತಿರಲಿಲ್ಲ.

ಈಗ ಅದು ಒಂದು ಕಾರಿನ ಕಾರ್ಪೆಟ್ ಕೆಳಗಿಂದ ಬರುತ್ತಿತ್ತು.

ನಾನು ಆ ಕಾರಿನೊಳಗೆ, ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮುದುಡಿ ಕೂತಿದ್ದೆ. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. ವಯಸ್ಸು ಎಪ್ಪತ್ತು ದಾಟಿದೆ. ಎರಡೂ ಮೊಣಕಾಲು ನನ್ನ ಮೇಲೆ ದಾವೆ ಹೂಡಿದ್ದವು.

ಹೊರಗೆ ಕಾಕಾಸಾಹೇಬನ ದನಿ. ನಿಪ್ಪಾಣಿ ಹೈವೇ ಬದಿಯಲ್ಲಿ ಹಳೆ ಕಾರು ಮಾರುವ ಆಸಾಮಿ.

“ಸುಧ್ಯಾ, ಇದನ್ನ ಕ್ರೇನಿಗೆ ಹಾಕಲೇ. ಕಾಗಲಕ್ಕ ಒಯ್ದು ಒಳಗೆಲ್ಲಾ ಪ್ರೆಶರ್ ಹೊಡಿಸಿ ತೊಳಿಸ್ಕೊಂಡು ಬಾ. ನಾಳೆ ಆ ಮುದುಕಿ ನೋಡಾಕ ಬರತಾಳಂತ.”

ಮುದುಕಿ ಅಂದರೆ ನಾನೇ. ಒಂದು ದಿನ ಮೊದಲೇ ಬಂದಿದ್ದೆ.

ಸರಪಳಿ ಬಿಗಿಯಿತು. ಕಾರಿನ ಮೂತಿ ಮೇಲೆದ್ದಿತು. ನಾನು ಹಿಂದಕ್ಕೆ ಜಾರಿ ಸೀಟಿಗೆ ಒತ್ತಿಕೊಂಡೆ...

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ.

ನನ್ನ ಹೆಸರು ರಾಜೇಶ್ವರಿ. ಚಿಕ್ಕೋಡಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವಳು. ರಿಟೈರ್ ಆದ ಮೇಲೆ ಜನ ತಕರಾರು ಹೊತ್ತು ಬರುತ್ತಾರೆ. ಸುಟ್ಟ ಮೋಟಾರು, ಮೊಳೆಯದ ಬೀಜ, ನಿಂತ ಫ್ರಿಜ್ಜು. ನಾನು ಹೋಗಿ ಮಾತಾಡುತ್ತೇನೆ. ಅಷ್ಟೇ ನನ್ನ ದಂಧೆ.

ಈ ಸಲ ಬಂದವಳು ಮಾಯಾ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಗಂಡ ಸುರಜನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆರಡು ಸಲ ಕೊಲ್ಲಾಪುರದಲ್ಲಿ ಡಯಾಲಿಸಿಸ್. ಅದಕ್ಕೆಂದೇ ಇದ್ದದ್ದನ್ನೆಲ್ಲ ಸುರಿದು ಈ ಕಾರು ಕೊಂಡಳು. ಒಂದು ವರ್ಷದ ವಾರಂಟಿ. ತಿಂಗಳು ತುಂಬುವ ಮೊದಲೇ ನಡುದಾರಿಯಲ್ಲಿ ಸತ್ತಿತು.

ಕಾಕಾಸಾಹೇಬ ಅದನ್ನು ತನ್ನ ಅಂಗಳಕ್ಕೆ ಎಳೆಸಿಕೊಂಡು, ಬಾನೆಟ್ ಎತ್ತಿ ನೋಡಿ ಹೇಳಿದನಂತೆ: “ವೈರಿಂಗ್‌ಗೆ ನೀರ ಹೊಕ್ಕೈತಿ. ನೀವ ಹಳ್ಳಕ್ಕ ಇಳಿಸೀರಿ. ನೀರಿಗೆ ವಾರಂಟಿ ಇಲ್ಲ.”

ಸುರಜನ ಒಂದು ಸರದಿ ಆಗಲೇ ತಪ್ಪಿತ್ತು. ಕಾಲು ಬಾತಿದ್ದವು. ಉಸಿರು ಎಳೆಯುತ್ತಿದ್ದ. ಎರಡನೆಯ ಸರದಿ ಇವತ್ತು ಮಧ್ಯಾಹ್ನ.

ನಮ್ಮ ಯಜಮಾನರನ್ನೂ ಇದೇ ರಸ್ತೆಯಲ್ಲಿ, ಇಂಥದೇ ಡಯಾಲಿಸಿಸ್ ಕುರ್ಚಿಗೆ ಕರೆದೊಯ್ಯುತ್ತಿದ್ದೆ. ಅವರು ಹೋದಾಗಿನಿಂದ ನನ್ನೊಳಗೆ ಒಂದು ಜೋಮು. ಕಾಲಿಗೆ ಹಿಡಿದರೆ ಜಾಡಿಸಬಹುದು. ಇದನ್ನು ಹೇಗೆ ಜಾಡಿಸೋದು, ಹೇಳ್ರಿ?

ಕ್ರೇನ್ ಹೈವೇ ಹತ್ತಿತು.

ಚಾಕು ಹಾಕಿದೆ. ಹೊಸ ಕಾರ್ಪೆಟ್ ಚರ್ರನೆ ಸೀಳಿತು. ಅದರ ಕೆಳಗೆ ಒಣಗಿ ಬಿರುಕು ಬಿಟ್ಟ ರಾಡಿ. ಸೀಟಿನ ಮೂಲೆಯಲ್ಲಿ, ರಾಡಿಯ ಅಡಿಗೆ, ಹಳದಿ ಹೆಪ್ಪು.

ಭಂಡಾರ. ಬೀರದೇವರ ಅರಿಸಿನ.

ಹಿಂದಿನ ಮಾಲಕ ಯಾರೋ ಕುರುಬರ ಮನೆಯವನು. ಗಾಡಿ ತಂದ ದಿನ ದೇವರ ಹೆಸರಲ್ಲಿ ಹಾರಿಸಿದ್ದ. ಆಮೇಲೆ ಹೊಳೆ ಬಂದಿತ್ತು. ಆಮೇಲೆ ಕಾರ್ಪೆಟ್.

ಗಾಜಿನಾಚೆ ನೋಡಿದೆ. ಗೇಟಿನ ಹತ್ತಿರ ಕಾವಲಿದ್ದ ಮಾಯಾ ಸ್ಕೂಟಿಯಲ್ಲಿ ಬೆನ್ನು ಹತ್ತಿದ್ದಳು. ಅವಳ ಹಿಂದೆ ಕಾಕಾಸಾಹೇಬನ ಜೀಪು. ಅದು ಅವಳನ್ನು ರಸ್ತೆಯ ಅಂಚಿಗೆ ದಬ್ಬಿತು. ಸ್ಕೂಟಿ ಮಣ್ಣಿಗಿಳಿದು ತೂರಾಡಿತು... ಮತ್ತೆ ಡಾಂಬರು ಹಿಡಿಯಿತು.

ಜೀಪು ಹತ್ತಿರ ಬಂತು. ಕಾಕಾಸಾಹೇಬ ನನ್ನ ಬಿಳಿ ತಲೆ ನೋಡಿದ. ನನ್ನ ಫೋನ್ ಬಡಿದುಕೊಂಡಿತು.

“ಅಕ್ಕೋರ, ನೀವು ಗಾಡಿಯೊಳಗ ಅದೀರೇನ್ರಿ?”

“ಅದೀನಿ.”

“ಏನ್ ಮಾಡಾಕತ್ತೀರಿ?”

“ನಿನ್ನ ಕಾರ್ಪೆಟ್ ಹರಿಯಾಕತ್ತೀನಿ.”

ಜೀಪು ಕಾರಿನ ಪಕ್ಕಕ್ಕೆ ಸರಿಯಿತು.

“ಕ್ರೇನಿನ ಹುಕ್ಕ ಹಳೇದೈತ್ರಿ. ಕಳಚಿದ್ರ ಹಿಂದ ಬರೂ ಟ್ರಕ್ಕಿನ ಕೆಳಗ ಹೊಕ್ಕೀರಿ. ಆಮ್ಯಾಲ ನನಗ ಏನೂ ಅನ್ನಬ್ಯಾಡ್ರಿ.”

“ಅದಕ್ಕೂ ವಾರಂಟಿ ಇಲ್ಲೇನು?”

ಫೋನ್ ಇಟ್ಟ. ಬಾಗಿಲು ತಟ್ಟಿ ನೋಡಿದೆ. ಮಕ್ಕಳ ಲಾಕ್ ಬಿದ್ದಿತ್ತು, ಹೊರಗಿನಿಂದಷ್ಟೇ ತೆರೆಯುವಂಥದ್ದು. ಮುಂದೆ ಕೊಗನೊಳ್ಳಿ ಟೋಲ್. ಅದನ್ನು ದಾಟಿದರೆ ಮಹಾರಾಷ್ಟ್ರ. ಅಲ್ಲಿ ಕಾಗಲದಲ್ಲಿ ನೀರಿನ ಪೈಪು ಕಾಯುತ್ತಿತ್ತು.

ಆಗ ಒಂದು ವಿಷಯ ಗಮನಕ್ಕೆ ಬಂತು.

ರಸ್ತೆ ಕೆಟ್ಟಲ್ಲೆಲ್ಲ ಕ್ರೇನ್ ಮೆಲ್ಲಗಾಗುತ್ತಿತ್ತು. ಕಾರನ್ನು ಎತ್ತಿ ಇಳಿಸಿದಂತೆ ದಾಟಿಸುತ್ತಿತ್ತು. ಖಾಲಿ ಗಾಡಿಯನ್ನು ಯಾರೂ ಹಾಗೆ ಎಳೆಯುವುದಿಲ್ಲ. ಸುಧ್ಯಾ ಅಂದರೆ ಡ್ರೈವರ್ ಸುಧೀರ; ನಾನು ಒಳಗಿರುವುದು ಅವನಿಗೆ ಗೊತ್ತಿತ್ತು.

ಟೋಲಿಗೆ ಇನ್ನೊಂದಿಷ್ಟು ದೂರವಿರುವಾಗಲೇ ಅವನು ಕ್ರೇನನ್ನು ಬದಿಗೆ ನಿಲ್ಲಿಸಿದ. ಇಳಿದು ಬಂದು ಬಾಗಿಲು ತೆಗೆದ. ನನ್ನ ತೋಳು ಹಿಡಿದು ಇಳಿಸಿದ. 

ಜೀಪು ಧೂಳೆಬ್ಬಿಸಿ ನಿಂತಿತು.

“ಯಾಕ ನಿಲ್ಲಿಸಿದಿಲೇ ಮಗನ?” ಕಾಕಾಸಾಹೇಬ ಗುಡುಗಿದ. ಆಮೇಲೆ ನನ್ನ ಕೈಯಲ್ಲಿದ್ದ ರಾಡಿ ನೋಡಿದ. “ಆಕಿನ ಗಾಡಿ ಹಳ್ಳಕ್ಕ ಇಳಿಸ್ಯಾಳ. ಈ ಕಾರ್ಪೆಟ್ ಸುದ್ದಿ ನನಗ ಗೊತ್ತಿಲ್ಲ.”

ಮಾಯಾ ಸ್ಕೂಟಿ ನಿಲ್ಲಿಸಿ ಬಂದಳು. ರಸ್ತೆಯಂಚಿನ ಮುಳ್ಳಿಗೆ ಮೊಣಕೈ ತರಚಿತ್ತು. ಫೋನ್ ಎತ್ತಿ ಹಿಡಿದು ರೆಕಾರ್ಡ್ ಮಾಡತೊಡಗಿದಳು.

“ನಿಮ್ಮ ಮನಿದೇವರು ಯಾರಪಾ?” ನಾನು ಕೇಳಿದೆ.

“ಬೀರದೇವ್ರು. ಯಾಕ?”

ರಾಡಿ ಒಡೆದು ಹಳದಿ ಹೆಪ್ಪನ್ನು ಅಂಗೈ ಮೇಲಿಟ್ಟೆ. “ಇದು ಆತನ ಭಂಡಾರ. ಮುಟ್ಟಿ ಹೇಳು. ಕಾರ್ಪೆಟ್ ನಾ ಹಾಕಿಸಿಲ್ಲ ಅನ್ನು. ನಾನು ಬಸ್ ಹತ್ತಿ ಮನಿಗೆ ಹೋಗ್ತೀನಿ.”

ಅವನ ಕೈ ಎದ್ದಿತು. ಅರ್ಧಕ್ಕೆ ನಿಂತಿತು.

“ಭಂಡಾರ ಕೋರ್ಟಿನ್ಯಾಗ ನಡಿಯಂಗಿಲ್ರಿ,” ಅಂದ. ಕೈ ಕಿಸೆಗೆ ಹೋಯಿತು.

“ನಾ ಮುಟ್ಟತೇನ್ರಿ,” ಸುಧೀರ ಅಂದ.

ಚಪ್ಪಲಿ ಕಳಚಿ ಬಂದ. ಎರಡು ಬೆರಳು ನನ್ನ ಅಂಗೈಗೆ ತಾಗಿಸಿದ.

“ನಾನ ಹಾಕಿದ್ಯಾ. ಗಾಡಿ ಮಾರೂ ಮೊದಲ. ಹೊಳಿ ನೀರಾಗ ಮುಳಿಗಿದ್ದ ಗಾಡಿ ಇದು. ರಾಡಿ ತೊಳದ ತಗಿ ಅಂದ್ರು. ತೊಳ್ಯಾಕ ಹ್ವಾದ್ರ ಭಂಡಾರ ಕಂಡ್ತು. ದೇವರ ಭಂಡಾರ ಗಟಾರಕ್ಕ ಹೆಂಗ ಬಿಡ್ಲಿ? ಮ್ಯಾಲ ಕಾರ್ಪೆಟ್ ಅಂಟಿಸಿ ತೊಳದೇನಂದ್ಯಾ.”

“ಹುಚ್ಚ ಸೂಳೇಮಗನ...” ಕಾಕಾಸಾಹೇಬನ ದನಿ ಇಳಿದಿತ್ತು. “ಒಂದ ಬಕೆಟ್ ನೀರ ಹಾಕಿದ್ರ ಮುಗೀತಿತ್ತಲ್ಲೋ.”

“ಮುಗೀತಿತ್ರಿ.”

“ಎಲ್ಲಾ ಬಂತ್ರಿ ಅಕ್ಕೋರ,” ಮಾಯಾ ಫೋನ್ ತೋರಿಸಿದಳು. “ಹೊಳಿನೂ ಬಂತು. ಬಕೆಟ್ಟೂ ಬಂತು.”

ನಾನು ಕಾಕಾಸಾಹೇಬನ ಮುಂದೆ ಕೈ ಚಾಚಿದೆ.

“ಏನ್ರಿ?”

“ಜೀಪಿನ ಕೀ. ಗಾಡಿ ಪೂರಾ ರಿಪೇರಿ ಮಾಡಿಕೊಡೂತನಕ ಮಾಯಾನ ಹತ್ರ ಇರಲಿ. ಇಲ್ಲಾಂದ್ರ ಆ ಫೋನ್ ಗ್ರಾಹಕರ ಕೋರ್ಟಿಗೆ ಹೋಗ್ತದ. ಅಲ್ಲಿ ಭಂಡಾರ ನಡೀಲಿಕ್ಕಿಲ್ಲ. ನಿನ್ನ ದನಿ ನಡೀತದ.”

ಅವನು ಟೋಲ್ ನೋಡಿದ. ಆಕಾಶ ನೋಡಿದ. ಕೀ ಕೊಟ್ಟ.

ಮಾಯಾ ಹೊತ್ತು ಕಳೆಯಲಿಲ್ಲ. ಸ್ಕೂಟಿಯ ಕೀ ನನ್ನ ಕೈಗೆ ಕೊಟ್ಟು ಸುರಜನನ್ನು ನಿಪ್ಪಾಣಿಯ ಮನೆಯಿಂದ ಕರೆತರಲು ಜೀಪು ತಿರುಗಿಸಿದಳು. ಕಾರನ್ನು ರಿಪೇರಿಗೆ ಒಯ್ಯಲು ಕಾಕಾಸಾಹೇಬ ಕ್ರೇನ್ ಹತ್ತಿ ತಾನೇ ಸ್ಟೇರಿಂಗ್ ಹಿಡಿದ. ಹೊರಡುವ ಮೊದಲು ತಲೆ ಹೊರಹಾಕಿ, “ಸುಧ್ಯಾ, ನಾಳಿಂದ ಬರಬ್ಯಾಡ,” ಅಂದ.

ಸುಧೀರ ತಲೆಯಾಡಿಸಿದ. ಹೋಗುತ್ತಿದ್ದ ಕ್ರೇನಿನ ಕ್ಯಾಬಿನ್ನಿನಿಂದ ತನ್ನ ಬುತ್ತಿ ಗಂಟು ಎಳೆದುಕೊಂಡ.

ನಾನು ಮೈಲಿಗಲ್ಲಿನ ಮೇಲೆ ಕೂತಿದ್ದೆ. ಗೆದ್ದಿದ್ದೆ. ಏನಾದರೂ ಅನಿಸೀತೆಂದು ಕಾದೆ. ಬರೇ ಟ್ರಕ್ಕುಗಳು ಹೋದವು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಸುರಜನನ್ನು ಮಲಗಿಸಿಕೊಂಡು ಜೀಪು ಟೋಲ್ ದಾಟಿ ಹೋಯಿತು. ಮಾಯಾ ಹಾರ್ನ್ ಹೊಡೆದಳು. ಕೈ ಎತ್ತಿದೆ.

ಸುಧೀರ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಗಂಟು ಬಿಚ್ಚಿದ. ಜೋಳದ ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿಗೆ ಗುದ್ದಿದ. ದೊಡ್ಡ ಪಾಲನ್ನು ಅರಿವೆ ಸಮೇತ ನನ್ನ ಮಡಿಲಲ್ಲಿಟ್ಟು ಬೇರೆ ಕಡೆ ನೋಡುತ್ತ ಕೂತ.

ರೊಟ್ಟಿ ತೆಗೆದುಕೊಂಡೆ. ವಾರಂಟಿ ಕೇಳಲಿಲ್ಲ.