ಎಡಗೈ ಎತ್ತಿದವರು

"ಉತ್ತರ ಗೊತ್ತಿದ್ದವರು ಬಲಗೈ ಎತ್ತರಿ. ಗೊತ್ತಿಲ್ಲದವರು ಎಡಗೈ. ಒಟ್ಟ ಎಲ್ಲಾರೂ ಕೈ ಎತ್ತಬೇಕು. ತಿಳೀತಿಲ್ಲೋ?"

ಇಷ್ಟು ಹೇಳುವಷ್ಟರಲ್ಲಿ ರಾಜಶ್ರೀ ಟೀಚರ್ ಬೆವತುಹೋದಳು. ಆರನೇ ತರಗತಿಯವರಿಗೆಲ್ಲ ಅವಳು ಟೀಚರ್. ಹಿಂದಿನ ಬೆಂಚಿನ ಪ್ರಿಯದರ್ಶಿನಿಗೆ ಮಾತ್ರ ಸ್ವಂತ ಅಕ್ಕ. ಶಾಲೆಯಲ್ಲಿ ಅಕ್ಕಾ ಅನ್ನಬಾರದು ಎಂದು ಮನೆಯಲ್ಲೇ ಕರಾರಾಗಿತ್ತು.

ನಿಜ ಹೇಳಬೇಕೆಂದರೆ ರಾಜಶ್ರೀ ಇನ್ನೂ ಪೂರ್ತಿ ಟೀಚರ್ ಆಗಿರಲಿಲ್ಲ. ಸಿಂದಗಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಪಾಠ ಮಾಡುವುದನ್ನು ಕಲಿಯಲಿ ಎಂದು ಕಾಲೇಜಿನವರು ಅವಳನ್ನು ಅವಳದೇ ಊರಿನ ಶಾಲೆಗೆ ಕಳಿಸಿದ್ದರು. ನಾಳೆ ಕಾಲೇಜಿನ ಸಂಜೀವಕುಮಾರ ಸರ್ ಬಂದು ಅವಳ ಪಾಠ ನೋಡುವವರಿದ್ದರು. ಎಲ್ಲರೂ ಕೈ ಎತ್ತಿದರೆ ಸರ್ ಮೆಚ್ಚುತ್ತಾರೆ, ಬಲಗೈ ಎತ್ತಿದವರನ್ನಷ್ಟೇ ಕೇಳಿದರಾಯಿತು. ಈ ಉಪಾಯ ಹೇಳಿಕೊಟ್ಟವರು ಅವಳ ಗೆಳತಿಯರು.

ಅಕ್ಕನ ದನಿ ಕಡಿಮೆಯದೇನಲ್ಲ. ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನ ಕುರಿಗಳು ಕತ್ತೆತ್ತಿ ನೋಡುತ್ತಿದ್ದವು. ಆದರೆ ಕರಿಹಲಗೆಯ ಮುಂದೆ ನಿಂತಳೆಂದರೆ ಆ ದನಿ ಎಲ್ಲಿ ಅಡಗುತ್ತಿತ್ತೋ ದೇವರೇ ಬಲ್ಲ. ಹಿಂದೆ ಕೂತವರಿಗೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಮರುದಿನ ಸರ್ ಬಂದರು. ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು ಪೆನ್ನು ತೆಗೆದರು. ಅಕ್ಕ ಹಲಗೆಯ ಮೇಲೆ ಎರಡು ಭಿನ್ನರಾಶಿ ಬರೆದಳು.

"ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?"

ಎಲ್ಲರ ಕೈಗಳೂ ಮೇಲೆದ್ದವು. ಸರ್ ಮುಖ ಅರಳಿತು.

ಆದರೆ ಒಂದು ಸಂಗತಿ ಯಾರ ತಲೆಗೂ ಹೊಳೆದಿರಲಿಲ್ಲ. ಎದುರಿಗೆ ಕೂತವರ ಬಲಗೈ, ಪಾಠ ಹೇಳುವವರಿಗೆ ಎಡಗಡೆ ಕಾಣುತ್ತದೆ! ಮೊದಲೇ ಹೆದರಿದ್ದ ಅಕ್ಕನಿಗೆ ಎಲ್ಲ ಅದಲುಬದಲಾಯಿತು. ಗೊತ್ತಿದ್ದವರನ್ನು ಬಿಟ್ಟು ಗೊತ್ತಿಲ್ಲದವರನ್ನೇ ಎಬ್ಬಿಸತೊಡಗಿದಳು.

"ದುಂಡೇಶ, ನೀ ಹೇಳು."

ದುಂಡೇಶ ಎದ್ದು ನಿಂತು ಪಿಳಿಪಿಳಿ ಕಣ್ಣು ಬಿಟ್ಟ. ಸಂಗು ಎದ್ದು ಸೂರು ನೋಡಿದ.

"ಪ್ರಿಯದರ್ಶಿನಿ, ನೀನಾರೆ ಹೇಳು."

ಪ್ರಿಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರಕ್ಕಿಂತ ನಾಲ್ಕು ದೊಡ್ಡದು. ಹಾಗಾದರೆ ನಾಲ್ಕನೇ ಒಂದೇ ದೊಡ್ಡದಾಗಬೇಕಲ್ಲ? ಅಲ್ಲ ಎಂದು ನಿನ್ನೆ ಅಕ್ಕ ಹೇಳಿದ್ದಳು. ಯಾಕೆ ಅಲ್ಲ ಎಂಬುದು ಹಿಂದಿನ ಬೆಂಚಿಗೆ ಕೇಳಿಸಿರಲಿಲ್ಲ. ಯಾಕೆ ಎಂದು ಸರ್ ಕೇಳಿಬಿಟ್ಟರೆ? ಅಕ್ಕನನ್ನು ಹೇಗಾದರೂ ಪಾರುಮಾಡಬೇಕೆಂದು ಅವಳು ಬಾಯಿಬಿಟ್ಟಳು.

"ಅಕ್ಕಾ, ಇದು ಎಡಗೈ! ಬಲಗೈಯವ್ರನ್ನ ಕೇಳು!"

ತರಗತಿಯೇ ಗೊಳ್ಳೆಂದು ನಕ್ಕಿತು. ಸರ್ ಮಾತ್ರ ನಗಲಿಲ್ಲ.

"ಏನ್ರಿ ಇದು? ಹುಡುಗರಿಗಿ ಮೊದಲ ಹೇಳಿಕೊಟ್ಟ ಇಟ್ಟೀರೇನು?"

ಅಕ್ಕನ ಬಾಯಿ ತೆರೆಯಿತು. ಮಾತು ಹೊರಡಲಿಲ್ಲ.

"ಬಾಯಿಲ್ಲೇನ್ರಿ ನಿಮಗ? ನಾಳೆ ಇದೇ ಪಾಠ ಮತ್ತ ಕೊಡ್ರಿ. ನಾಳೆನೂ ಹಿಂಗಾದ್ರ ನಾ ಸಹಿ ಮಾಡಂಗಿಲ್ಲ."

ಆ ಸಂಜೆ ಅಕ್ಕ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅವ್ವ ರೇವವ್ವನ ಸಿಟ್ಟೆಲ್ಲ ಪ್ರಿಯಾಳ ಮೇಲೆ ತಿರುಗಿತು.

"ಬಾಯಿ ಮುಚ್ಕೊಂಡ ಕುಂದ್ರಾಕ ಬರ್ತಿರಲಿಲ್ಲೇನ ನಿನಗ?"

"ಅಕಿಗ್ಯಾಕ ಬೈತಿ ಅವ್ವಾ? ಅಕಿ ಖರೇನ ಹೇಳ್ಯಾಳ," ಎಂದಳು ಅಕ್ಕ, ಗೋಡೆಗೇ ಹೇಳುವಂತೆ. "ನಾಳೆ ಆಗ್ಲಿಲ್ಲಂದ್ರ ಬಿ.ಎಡ್. ಬಿಟ್ಟ ಬಿಡ್ತೇನಿ. ಅಪ್ಪನ ಜೋಡಿ ಕುರಿ ಕಾಯ್ತೇನಿ. ಅವಕ್ಕಾರೆ ನನ್ನ ದನಿ ಕೇಳಸ್ತೈತಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಪ್ರಿಯಾಳಿಗೆ. ತಟ್ಟೆಯ ಮುಂದೆ ಕೂತು ಸದ್ದಾಗದಂತೆ ಅತ್ತಳು. ತಪ್ಪಾಯಿತು ಎಂಬ ಒಂದು ಮಾತು ನಾಲಿಗೆಯ ತನಕ ಬಂದು ಬಂದು ಹಿಂದಕ್ಕೆ ಹೋಯಿತು.

ಮರುದಿನ ಅದೇ ಹಲಗೆ, ಅದೇ ಲೆಕ್ಕ. ಇವತ್ತು ಎಡಗೈ ಬಲಗೈ ಉಪಾಯವಿರಲಿಲ್ಲ. ಅಕ್ಕ ಪ್ರಶ್ನೆ ಕೇಳಿದಳು. ನಿನ್ನೆಯ ಗಲಾಟೆಗೆ ಹೆದರಿದ್ದ ಮಕ್ಕಳಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಅಕ್ಕ ಇನ್ನೊಮ್ಮೆ ಕೇಳಿದಳು. ಆ ದನಿ ಮೊದಲಿಗಿಂತ ಸಣ್ಣದಾಗಿತ್ತು.

ಸರ್ ಸ್ವಲ್ಪ ಹೊತ್ತು ಕಾದರು. ಏನೋ ಬರೆದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

"ಇನ್ನೇನ ನೋಡೂದೈತ್ರಿ ಇಲ್ಲೆ?"

ಅವರ ಬೈಕು ಗುಡುಗುಡು ಎನ್ನುತ್ತ ಶಾಲೆಯ ಗೇಟು ದಾಟಿತು. ಎಲ್ಲ ಮುಗಿಯಿತು. ಅಕ್ಕ ಹಲಗೆಯ ಕಡೆ ಮುಖ ತಿರುಗಿಸಿ ನಿಂತಳು. ಅವಳ ಹೆಗಲು ಅಲುಗುತ್ತಿತ್ತು. ಹುಡುಗರು ಪಿಸಪಿಸ ಶುರು ಮಾಡಿದರು.

ಪ್ರಿಯಾ ಎದ್ದು ನಿಂತಳು. ಯಾರೂ ಏಳು ಅಂದಿರಲಿಲ್ಲ.

"ಟೀಚರ್, ನನಗ ಗೊತ್ತಾಗಿಲ್ರಿ. ನಾಲ್ಕು ದೊಡ್ಡದಲ್ರಿ? ಮತ್ತ ನಾಲ್ಕನೇ ಒಂದು ಯಾಕ ಸಣ್ಣದು?"

ಅಕ್ಕ ತಿರುಗಿದಳು. ಕಣ್ಣು ಕೆಂಪಗಾಗಿದ್ದವು. ಏನೋ ಹೇಳಿದಳು.

"ಕೇಳಸವಲ್ದ್ರಿ!"

ಅಕ್ಕ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿಟ್ಟಳು.

"ಚಳಿಗಾಲದಾಗ ಒಂದು ಕಂಬಳಿ ಮೂರು ಮಂದಿ ಹೊದ್ಕೊಂಡೀರಿ. ನಡುರಾತ್ರಿ ನಾಲ್ಕನೇದವ ಬಂದು ನಡುವ ಹೊಕ್ಕ. ಏನಾಕ್ಕೈತಿ?"

"ಕಾಲು ಹೊರಗ ಬರ್ತಾವ್ರಿ!" ಎಂದು ಒದರಿದ ದುಂಡೇಶ.

"ಯಾಕ ಬರ್ತಾವು? ಕಂಬಳಿ ಸಣ್ಣದಾತೇನು?"

"ಇಲ್ರಿ, ಕಂಬಳಿ ಅಷ್ಟ ಐತ್ರಿ. ಮಂದಿ ಹೆಚ್ಚಾತು. ನನ್ನ ಪಾಲು ಸಣ್ಣದಾತು!"

"ಹಾಂ! ಪಾಲು ಸಣ್ಣದಾತು!"

ಆ ದನಿ ಕಿಟಕಿಯಿಂದಾಚೆ ಅಂಗಳದವರೆಗೂ ಹೋಯಿತು. ಶಾಲೆಯ ಬಿಸಿಯೂಟದ ಅಡುಗೆ ಮನೆಯಲ್ಲಿ ಬೇಳೆ ತೊಳೆಯುತ್ತಿದ್ದ ಶಂಕ್ರೆವ್ವ ಇಣುಕಿ ನೋಡಿದಳು. ಪ್ರಿಯಾಳಿಗೆ ಲೆಕ್ಕ ಹೊಳೆಯಿತು. ಸಂಗುವಿಗೆ ಹೊಳೆಯಲಿಲ್ಲ. ಅವನೂ ಎದ್ದು "ನನಗ ಇನ್ನೊಮ್ಮೆ ಹೇಳ್ರಿ" ಎಂದ. ಅಕ್ಕ ಗಂಟೆ ಹೊಡೆಯುವ ತನಕ ಹೇಳಿದಳು. ಹಿಂದಿನ ಕುರ್ಚಿ ಖಾಲಿಯೇ ಇತ್ತು. ಇದನ್ನೆಲ್ಲ ನೋಡಬೇಕಾದವರು ಆಗಲೇ ಸಿಂದಗಿಯ ದಾರಿಯಲ್ಲಿದ್ದರು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಮನೆಯ ಕಡೆ ನಡೆದರು. ದಾರಿಯಲ್ಲಿ ಪ್ರಿಯಾ ಕೇಳಿದಳು.

"ಅಕ್ಕಾ, ಸರ್ ಸಹಿ ಮಾಡ್ತಾರೇನ?"

"ಗೊತ್ತಿಲ್ಲ."

"ಮತ್ತ ಬಿ.ಎಡ್. ಬಿಡ್ತೀಯೇನು?"

"ಅದೂ ಗೊತ್ತಿಲ್ಲ."

ಅಕ್ಕ ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಮುಂದೆ ಹೋಗುತ್ತಿದ್ದ ಮಕ್ಕಳು ಹಿಂತಿರುಗಿ ನೋಡಿದರು. ಪ್ರಿಯಾಳಿಗೆ ಮತ್ತೆ ಅಳು ಬಂತು. ಆದರೂ ಈ ಸಲ ಅಕ್ಕನ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಹೆಜ್ಜೆ ದೊಡ್ಡದು ಮಾಡಿ ಅವಳ ಸಮಕ್ಕೆ ನಡೆದಳು.